ಅಪ್ಪನ ಸಾವನ್ನು ಇಂಗ್ಲಿಷ್‌ನಲ್ಲಿ ಹೇಳುವುದು: ಐಂಡ್‌ಹೋವನ್‌ನ ಒಂದು ಪ್ರಕರಣ

ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ಸುತ್ತಮುತ್ತ ಈಗ ಕನ್ನಡ ಕಿವಿಗೆ ಬೀಳುವುದು ದೊಡ್ಡ ಸಂಗತಿಯೇನಲ್ಲ. ಪಕ್ಕದ ಫೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರಗಳ ಕಂಪನಿ ಎಎಸ್‌ಎಂಎಲ್ ಇದೆ. ಅದಕ್ಕೆ ಬಿಡಿಭಾಗ, ಸಾಫ್ಟ್‌ವೇರ್ ಒದಗಿಸುವ ಬೇರೆ ಕಂಪನಿಗಳೂ ಬೇಕಾದಷ್ಟಿವೆ. ಬೆಂಗಳೂರಿನಿಂದ ಎಂಜಿನಿಯರುಗಳು ಕೆಲಸಕ್ಕೆ ಅಂತ ಬರುತ್ತಾರೆ. ಅವರ ಜೊತೆ ಹೆಂಡತಿಯೋ ಗಂಡನೋ ಬರುತ್ತಾರೆ. ಈ ಪ್ರಕರಣ ಹಾಗೆ ಜೊತೆಗೆ ಬಂದ ಒಬ್ಬ ಹೆಂಗಸಿನದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಯಾರೋ ಒಬ್ಬರ ಫೈಲಿನಿಂದ ಎತ್ತಿದ್ದಲ್ಲ. ಹೊರದೇಶದಲ್ಲಿರುವ ನಮ್ಮವರು ಆನ್‌ಲೈನ್ ಥೆರಪಿಗೆ ಹೋದಾಗ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಸೇರಿಸಿ ಒಬ್ಬರ ಸುತ್ತ ಕಟ್ಟಿದ್ದು. ವ್ಯಕ್ತಿಗಳು ಕಲ್ಪಿತ. ವಿಮೆ, ವೈದ್ಯಕೀಯ ವ್ಯವಸ್ಥೆ, ಕಾನೂನು, ಸಂಶೋಧನೆಯ ವಿವರಗಳು ನಿಜದವು.

ಎದೆನೋವಿನಿಂದ ಶುರು

ಆಕೆಗೆ 35 ವರ್ಷ. ಊರು ಸಾಗರ. ಬೆಂಗಳೂರಿನ ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸದಲ್ಲಿದ್ದರು. 2022ರಲ್ಲಿ ಗಂಡನಿಗೆ ಐಂಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷ ಮಗನ ಜೊತೆ ಬೆಂಗಳೂರಲ್ಲೇ ಇದ್ದು ಆಮೇಲೆ ಬರುತ್ತೇನೆ ಅಂದರು. ಅಪ್ಪ ಒಪ್ಪಲಿಲ್ಲ. "ಗಂಡ ಒಂದು ಕಡೆ, ನೀನು ಒಂದು ಕಡೆ, ಅದೆಂಥ ಸಂಸಾರ ಕೂಸೇ" ಅಂದರು. ಕೆಲಸ ಬಿಟ್ಟು ಹೊರಟರು.

ಅಲ್ಲಿ ಕಾನೂನಿನ ಅಡ್ಡಿ ಏನೂ ಇರಲಿಲ್ಲ. ನುರಿತ ಕೆಲಸಗಾರರ ವೀಸಾದಲ್ಲಿ ಬಂದವರ ಸಂಗಾತಿ ನೆದರ್‌ಲೆಂಡ್ಸ್‌ನಲ್ಲಿ ಬೇರೆ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು. ಆದರೆ ಬ್ಯಾಂಕಿನ ಕೆಲಸಕ್ಕೆ ಡಚ್ ಬೇಕು. ಮಗನನ್ನು ಸ್ಕೂಲಿಂದ ಕರೆತರಬೇಕು. ಸ್ಕೂಲು ಎರಡು ಗಂಟೆಯ ಹೊತ್ತಿಗೆ ಮುಗಿಯುತ್ತದೆ. "ಸ್ವಲ್ಪ ಸೆಟಲ್ ಆಗಲಿ" ಅಂತ ಹೇಳುತ್ತಾ ಹೇಳುತ್ತಾ ಎರಡು ವರ್ಷ ಹೋಯಿತು.

2024ರ ಜನವರಿ ಕೊನೆಯ ವಾರ ಅಪ್ಪ ತೀರಿಕೊಂಡರು, ಹೃದಯಾಘಾತ. ಆಮ್‌ಸ್ಟರ್‌ಡಾಮ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ಆದರೂ ಟಿಕೆಟ್ ಸಿಕ್ಕಿ, ಇಳಿದು, ಅಲ್ಲಿಂದ ಸಾಗರ ಮುಟ್ಟುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ತಮ್ಮ ವಾಟ್ಸ್ಆ್ಯಪ್ ವಿಡಿಯೊದಲ್ಲಿ ತೋರಿಸಿದ್ದ. ಹದಿಮೂರು ದಿನದ ಕಾರ್ಯ ಮುಗಿಸಿ ವಾಪಸ್ ಬಂದರು. ಮಾರನೇ ದಿನದಿಂದ ಡಬ್ಬಿ ಕಟ್ಟುವುದು, ಮಗನನ್ನು ಸ್ಕೂಲಿಗೆ ಬಿಡುವುದು, ಎಲ್ಲ ಮೊದಲಿನ ಹಾಗೇ. "ನೀನು ತುಂಬಾ ಗಟ್ಟಿ" ಅಂತ ಎಲ್ಲರೂ ಹೊಗಳಿದರು.

ತೊಂದರೆ ಕಾಣಿಸಿದ್ದು ಆ ವರ್ಷದ ನವೆಂಬರ್‌ನಲ್ಲಿ. ಸೈಕಲ್ ಮೇಲೆ ಹೋಗುವಾಗ ಎದೆ ಹಿಡಿದ ಹಾಗಾಯಿತು, ಕೈ ಜೋಮು ಹಿಡಿಯಿತು, ಜೀವ ಹೋಗುತ್ತದೆ ಅನ್ನಿಸಿತು. ಎರಡನೇ ಸಲ ಅಂಗಡಿಯ ಕ್ಯೂನಲ್ಲಿ. ಮೂರನೇ ಸಲ ರಾತ್ರಿ ಎರಡು ಗಂಟೆಗೆ. ಅಪ್ಪ ಹೋಗಿದ್ದೂ ಎದೆನೋವಿನಿಂದಲೇ, ಹಾಗಾಗಿ ಭಯ ಜಾಸ್ತಿ ಆಯಿತು. ಒಬ್ಬರೇ ಸೈಕಲ್ ಹತ್ತುವುದನ್ನು ನಿಲ್ಲಿಸಿದರು. ನಿದ್ದೆ ಹೋಯಿತು, ಊಟ ಸೇರಲಿಲ್ಲ.

ಅಲ್ಲಿ ಯಾವ ಕಾಯಿಲೆಗೂ ಮೊದಲು ಹೋಗಬೇಕಾದ್ದು ಹೌಸಾರ್ಟ್ಸ್ ಹತ್ತಿರ, ಅಂದರೆ ಮನೆ ಡಾಕ್ಟರ್. ಅವರ ಕೈಯಿಂದ ಚೀಟಿ ಇಲ್ಲದೆ ತಜ್ಞರು ನೋಡುವುದಿಲ್ಲ. ಒಬ್ಬ ರೋಗಿಗೆ ಸಾಮಾನ್ಯವಾಗಿ ಹತ್ತು ನಿಮಿಷ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿಯಾಗಿತ್ತು. ಡಾಕ್ಟರು ಮನೆಯ ಬಗ್ಗೆ, ನಿದ್ದೆಯ ಬಗ್ಗೆ ಎರಡು ಪ್ರಶ್ನೆ ಕೇಳಿ, ಕ್ಲಿನಿಕ್‌ನಲ್ಲೇ ಇರುವ ಮಾನಸಿಕ ಆರೋಗ್ಯ ಸಹಾಯಕಿಯ ಹತ್ತಿರ ಕಳಿಸಿದರು. ಅಲ್ಲಿನ ವಿಮೆಯಲ್ಲಿ ವರ್ಷಕ್ಕೆ ಮೊದಲ 385 ಯೂರೊ ನಮ್ಮ ಜೇಬಿನಿಂದಲೇ ಹೋಗಬೇಕು. ಹೌಸಾರ್ಟ್ಸ್ ಮತ್ತು ಈ ಸಹಾಯಕಿಯ ಭೇಟಿಗೆ ಮಾತ್ರ ಆ ಲೆಕ್ಕ ಇಲ್ಲ. ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ, ಖರ್ಚಿಗೆ ಹೆದರಿ ಹೋಗುವುದೇ ಇಲ್ಲ.

ಸಹಾಯಕಿ ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಿದರು. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಆಕೆಯದು 15ರಿಂದ 19ರ ಪಟ್ಟಿಯಲ್ಲಿ ಬಂತು. ಸುಮ್ನೆ ಬೇಸರ ಅಂತ ತಳ್ಳಿಹಾಕುವಂಥದ್ದಲ್ಲ. ಸಾವಿನ ಯೋಚನೆ ಬರುತ್ತದಾ ಅನ್ನುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಹಾಕಿದ್ದರು. ಮನಶ್ಶಾಸ್ತ್ರಜ್ಞರನ್ನು ನೋಡಿ ಅಂತ ಚೀಟಿ ಸಿಕ್ಕಿತು.

ಮೂರು ದಾರಿ

ಚೀಟಿ ಸಿಕ್ಕಿತು ಅಂದರೆ ಥೆರಪಿ ಸಿಕ್ಕಿತು ಅಂತಲ್ಲ. ಹೆಸರು ಬರೆಸಿದ ದಿನದಿಂದ ಮೊದಲ ಭೇಟಿಗೆ 4 ವಾರ, ಅಲ್ಲಿಂದ ಚಿಕಿತ್ಸೆ ಶುರುವಾಗಲು 10 ವಾರ, ಒಟ್ಟು 14 ವಾರ ಮೀರಬಾರದು ಅಂತ ಅಲ್ಲಿ ಒಂದು ಒಪ್ಪಿತ ಮಿತಿ ಇದೆ. ಎಷ್ಟೋ ಕಡೆ ಅದು ಮೀರುತ್ತದೆ. ಇಂಗ್ಲಿಷ್‌ನಲ್ಲಿ ಮಾತಾಡುವವರೇ ಬೇಕು ಅಂದರೆ ಪಟ್ಟಿ ಇನ್ನೂ ಚಿಕ್ಕದು.

ಹಾಗಾಗಿ ಆನ್‌ಲೈನ್ ನೋಡಿದರು. ಮೊದಲು ಕಣ್ಣಿಗೆ ಬಿದ್ದದ್ದು ತಿಂಗಳ ಚಂದಾ ಕಟ್ಟುವ ದೊಡ್ಡ ಆ್ಯಪ್‌ಗಳು. ಹಣ ಕಟ್ಟಿದರೆ ಬೇಗ ಯಾರಾದರೂ ಸಿಗುತ್ತಾರೆ. ಆದರೆ ಆ ಕಡೆ ಕೂತವರು ಯಾವ ದೇಶದಲ್ಲಿ ನೋಂದಾಯಿತರು, ತುರ್ತು ಬಂದರೆ ಐಂಡ್‌ಹೋವನ್‌ನಲ್ಲಿ ಯಾರಿಗೆ ಫೋನ್ ಮಾಡುತ್ತಾರೆ ಅನ್ನುವುದು ಸ್ಪಷ್ಟ ಇರುವುದಿಲ್ಲ. ಇನ್ನೊಂದು, ಹೇಳಿದ ಮಾತು ಗುಟ್ಟಾಗಿ ಉಳಿಯುತ್ತದಾ ಅನ್ನುವ ವಿಷಯ. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದ್ದೇ ಆ್ಯಪ್ ನಡೆಸುವ ಬೆಟರ್‌ಹೆಲ್ಪ್ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡಿತು. ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳಿಗೆ ಕೊಟ್ಟಿದೆ ಅನ್ನುವುದು ಆರೋಪ. 78 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಸಾಲದ ಅರ್ಜಿಗಳಲ್ಲಿ ಸಣ್ಣಕ್ಷರ ಓದಿ ಅಭ್ಯಾಸ ಇದ್ದ ಆಕೆ ಆ ದಾರಿ ಬಿಟ್ಟರು.

ಎರಡನೆಯದು ಬೆಂಗಳೂರಿನ ಕನ್ನಡ ಮಾತಾಡುವ ಕೌನ್ಸೆಲರ್. ಗೆಳತಿಯೊಬ್ಬಳು ನಂಬರ್ ಕೊಟ್ಟಳು. ಫೀಸು ಕಡಿಮೆ, ಭಾಷೆ ನಮ್ಮದು, ಮನೆಯ ಪರಿಸ್ಥಿತಿಯನ್ನು ಅ ಆ ಇ ಈಯಿಂದ ವಿವರಿಸಬೇಕಿಲ್ಲ. ಓದುವವರಿಗೆ ಇದೇ ಸರಿಯಾದ ಆಯ್ಕೆ ಅನ್ನಿಸಬಹುದು. ಆಕೆ ಒಲ್ಲೆ ಅಂದರು. "ಮೊದಲ ಪ್ರಶ್ನೆಯೇ ಯಾವ ಊರು, ಯಾರ ಮನೆ ಅಂತ ಇರುತ್ತದೆ. ಅಲ್ಲಿಂದಲೇ ನಾನು ಒಳ್ಳೆ ಮಗಳಾಗಿಬಿಡುತ್ತೇನೆ." ಒಳ್ಳೆಯ ಕೌನ್ಸೆಲರ್ ಹಾಗೆ ಕೇಳಲಿಕ್ಕಿಲ್ಲ, ಅದು ಬೇರೆ ಮಾತು. ಹೇಳುವವರಿಗೆ ಆ ಅಳುಕು ಇದ್ದರೆ ಬಾಯಿ ಬಿಡುವುದು ಕಷ್ಟವೇ ಅಲ್ವಾ.

ಉಳಿದದ್ದು ನೆದರ್‌ಲೆಂಡ್ಸ್‌ನಲ್ಲೇ ನೋಂದಾಯಿತರಾಗಿ, ವಿಡಿಯೊ ಮೂಲಕ ಇಂಗ್ಲಿಷ್‌ನಲ್ಲಿ ನೋಡುವ ಮನಶ್ಶಾಸ್ತ್ರಜ್ಞರು. ಇಲ್ಲಿ ಒಂದು ಎಚ್ಚರಿಕೆ. ಆ ದೇಶದಲ್ಲಿ ಬರೀ 'ಸೈಕಾಲಜಿಸ್ಟ್' ಅಂತ ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಕಾನೂನಿನ ರಕ್ಷಣೆ ಇರುವುದು 'ಜಿಜೆಡ್ ಸೈಕಾಲಜಿಸ್ಟ್' (ಜಿಜೆಡ್ ಅಂದರೆ ಆರೋಗ್ಯ ಸೇವೆ), 'ಸೈಕೋಥೆರಪಿಸ್ಟ್' ಮುಂತಾದ ಕೆಲವೇ ಬಿರುದುಗಳಿಗೆ. ಅವರ ಹೆಸರು ಆರೋಗ್ಯ ವೃತ್ತಿಯವರನ್ನು ನೋಂದಾಯಿಸುವ ಸರ್ಕಾರದ ಬಿಗ್ ರಿಜಿಸ್ಟರ್‌ನಲ್ಲಿ ಇರುತ್ತದೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಆಕೆ ಹುಡುಕಿ ನೋಡಿಯೇ ಆರಿಸಿದರು. ಸಿಕ್ಕವರು ಗ್ರೀಸ್‌ನಿಂದ ಬಂದು ಉಟ್ರೆಕ್ಟ್‌ನಲ್ಲಿ ನೆಲೆಸಿದವರು. ಅಂದರೆ ಇಂಗ್ಲಿಷ್ ಇಬ್ಬರಿಗೂ ಮನೆಮಾತಲ್ಲ.

ವಿಮೆಯ ಲೆಕ್ಕಾಚಾರ ಬೇಸರದ್ದು, ಆದರೆ ಬಿಡುವ ಹಾಗಿಲ್ಲ. ಅಲ್ಲಿನ ಮೂಲ ವಿಮೆ 'ಹೊಂದಾಣಿಕೆಯ ತೊಂದರೆ' ಅನ್ನುವ ಡಯಾಗ್ನೋಸಿಸ್‌ಗೆ ಥೆರಪಿ ಖರ್ಚು ಕೊಡುವುದಿಲ್ಲ. ದಂಪತಿ ಜಗಳಕ್ಕೂ ಇಲ್ಲ. ಹೊಸ ದೇಶಕ್ಕೆ ಬಂದವರು ಥೆರಪಿ ಹುಡುಕುವುದೇ ಹೆಚ್ಚಾಗಿ ಈ ಎರಡು ಕಾರಣಕ್ಕೆ! ಈ ಪ್ರಕರಣದಲ್ಲಿ ಖಿನ್ನತೆ ಮತ್ತು ಪ್ಯಾನಿಕ್ (ಇದ್ದಕ್ಕಿದ್ದಂತೆ ಎದೆ ಹಿಡಿದು ಜೀವ ಹೋಗುತ್ತದೆ ಅನ್ನಿಸುವ ಆ ಭಯ) ಎರಡೂ ಇದ್ದದ್ದರಿಂದ ವಿಮೆಯ ಒಳಗೆ ಬಂತು. ಥೆರಪಿಸ್ಟ್‌ಗೂ ವಿಮೆ ಕಂಪನಿಗೂ ಒಪ್ಪಂದ ಇರಲಿಲ್ಲ, ಹಾಗಾಗಿ ಒಂದು ಭಾಗ ಮಾತ್ರ ವಾಪಸ್. 2022ರಿಂದ ಅಲ್ಲಿ ಪ್ರತಿ ಭೇಟಿಗೂ ಬೇರೆ ಬೇರೆ ಬಿಲ್. ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಆ ವರ್ಷದ 385 ಯೂರೊ ಲೆಕ್ಕಕ್ಕೂ ಕೈಯಿಂದ ಹಣ ಹೋಗುತ್ತದೆ, ಜನವರಿಯಲ್ಲಿ ಹೊಸದಾಗಿ ಇನ್ನೊಂದು 385 ಶುರು. ಬ್ಯಾಂಕಿನವರಲ್ಲವೇ, ಲೆಕ್ಕ ಹಾಕಿ ಜನವರಿ ಮೊದಲ ವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಆ ಲೆಕ್ಕದಲ್ಲಿ ಸೇರದೇ ಹೋದದ್ದು ಒಂದು. ಅಪ್ಪನ ವರ್ಷದ ತಿಥಿ ಜನವರಿ ಮಧ್ಯದಲ್ಲೇ ಇತ್ತು.

ಮಂಗಳವಾರ ಹತ್ತು ಗಂಟೆ

ಮೊದಲ ಭೇಟಿಯಲ್ಲಿ ಥೆರಪಿಸ್ಟ್ ಕೇಳಿದ್ದು ಮನಸ್ಸಿನ ವಿಷಯ ಅಲ್ಲ, ವಿಳಾಸ. ಮನೆ ನಂಬರ್, ಹೌಸಾರ್ಟ್ಸ್ ಫೋನ್, ತುರ್ತಿಗೆ ಕರೆಯಬೇಕಾದವರ ಹೆಸರು. ಅಪಾಯ ಅನ್ನಿಸಿದರೆ 112, ಸಾಯುವ ಯೋಚನೆ ಬಂದರೆ 113 ಸಹಾಯವಾಣಿ ಅಂತ ಬರೆಸಿದರು. ಆಮೇಲೆ ಪ್ರತಿ ಮಂಗಳವಾರ "ಈಗ ಎಲ್ಲಿ ಕೂತಿದ್ದೀರಿ?" ಅಂತ ಕೇಳಿಯೇ ಶುರು. ಇದು ಉಪಚಾರದ ಮಾತಲ್ಲ. ಪರದೆಯ ಆ ಕಡೆ ಯಾರಿಗಾದರೂ ಏನಾದರೂ ಆದರೆ ಆಂಬುಲೆನ್ಸ್ ಕಳಿಸಬೇಕಾದ್ದು ವಿಳಾಸಕ್ಕೆ.

ಮೊದಲ ತಿಂಗಳು ಪ್ಯಾನಿಕ್ ಮೇಲೆ ಕೆಲಸ. ಹೆದರಿಕೆಯಿಂದ ಉಸಿರು ಜೋರಾಗುತ್ತದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಕೈ ಜೋಮು ಹಿಡಿಯುತ್ತದೆ, ತಲೆ ಹಗುರಾಗುತ್ತದೆ. ಅದನ್ನು ಹಾರ್ಟ್ ಅಟ್ಯಾಕ್ ಅಂದುಕೊಂಡರೆ ಹೆದರಿಕೆ ಇನ್ನೂ ಏರುತ್ತದೆ. ಹೆದರಿದ ಜಾಗವನ್ನು ತಪ್ಪಿಸಿದಷ್ಟೂ ಅದು ಗಟ್ಟಿಯಾಗುತ್ತದೆ. ಇದನ್ನೆಲ್ಲ ಇಂಗ್ಲಿಷ್‌ನಲ್ಲಿ ಕಲಿಯುವುದು ಆಕೆಗೆ ಸಲೀಸಾಗಿತ್ತು. ಓದಿದ್ದು, ದುಡಿದದ್ದು ಎಲ್ಲ ಅದೇ ಭಾಷೆಯಲ್ಲಿ. ನೋಟ್ಸ್ ಬರೆದುಕೊಂಡರು. ಮೊದಲ ವಾರ ಬೀದಿ ತುದಿಯವರೆಗೆ ಸೈಕಲ್, ಆಮೇಲೆ ಸ್ಕೂಲಿನವರೆಗೆ, ಆಮೇಲೆ ಅದೇ ಅಂಗಡಿಯ ಕ್ಯೂ.

ದಿನಚರಿ ಬರೆಸಿದಾಗ ಒಂದು ವಿಚಿತ್ರ ಕಾಣಿಸಿತು. ದಿನಕ್ಕೆ ಅತಿ ಕೆಟ್ಟ ಹೊತ್ತು ಸಂಜೆ ನಾಲ್ಕೂವರೆ. ಯಾಕೆ? ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಸಾಗರದಲ್ಲಿ ಅಮ್ಮ ಊಟ ಮುಗಿಸಿ ಒಂಬತ್ತಕ್ಕೆ ವಿಡಿಯೊ ಕಾಲ್ ಮಾಡಿದರೆ ಐಂಡ್‌ಹೋವನ್‌ನಲ್ಲಿ ನಾಲ್ಕೂವರೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೂ ಸರಿಸುಮಾರು ಆಗಲೇ. ಕತ್ತಲಾಗುತ್ತಿದ್ದಂತೆ ದೀಪ ಹಾಕಿ, ಮುಖ ತೊಳೆದು, ನಗುತ್ತಾ ಕೂರಬೇಕು. ಅಮ್ಮನ ಹಿಂದೆ ಗೋಡೆಯ ಮೇಲೆ ಹಾರ ಹಾಕಿದ ಅಪ್ಪನ ಫೋಟೊ. "ಯಾಕೆ ಕೂಸೇ, ಮುಖ ಸಪ್ಪಗಿದೆ?" "ಏನಿಲ್ಲಮ್ಮಾ, ಚಳಿ."

ಕರೆಯನ್ನು ಬೆಳಿಗ್ಗೆಗೆ ಬದಲಾಯಿಸಿದರು, ಮಗನನ್ನು ಬಿಟ್ಟು ಬರುವಾಗ, ನಡೆಯುತ್ತಾ, ಬೆಳಕಿನಲ್ಲಿ. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು, ಊಟದ ಹೊತ್ತಿಗೆ ಫೋನ್ ಅಂತ. ಆ ಒಂದು ಬದಲಾವಣೆಯಿಂದ ಆದಷ್ಟು ಉಪಕಾರ ಉಸಿರಾಟದ ಅಭ್ಯಾಸದಿಂದಲೂ ಆಗಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಎರಡು ಭಾಷೆ, ಎರಡು ಕೆಲಸ

ಅಪ್ಪನ ವಿಷಯ ಮೊದಲ ಭೇಟಿಯಲ್ಲೇ ಬಂದಿತ್ತು. ಆದರೆ ಒಂದೇ ಸಾಲಿನಲ್ಲಿ, ರಜೆ ಚೀಟಿ ಓದಿದ ಹಾಗೆ. ತಂದೆ ತೀರಿಕೊಂಡರು, ಹೋಗಿ ಬಂದೆ, ಈಗ ಸರಿ ಇದ್ದೇನೆ. ದನಿ ನಡುಗಲಿಲ್ಲ. ಥೆರಪಿಸ್ಟ್ ಒತ್ತಾಯ ಮಾಡಲಿಲ್ಲ. ತಿಥಿಯ ವಾರ ಮತ್ತೆ ಪ್ಯಾನಿಕ್ ಬಂತು, ಅದೂ ಮೊದಲಿಗಿಂತ ಜೋರಾಗಿ. ಅಲ್ಲಿಯವರೆಗೆ ಎದೆನೋವಿಗೂ ತಿಥಿಗೂ ಗಂಟು ಹಾಕಿ ಯಾರೂ ನೋಡಿರಲಿಲ್ಲ, ಆಕೆಯೂ ಸೇರಿ. ತಿಥಿ ಚಾಂದ್ರಮಾನದ ಲೆಕ್ಕ, ಆ ಸಲ ಇಂಗ್ಲಿಷ್ ತಾರೀಕಿಗಿಂತ ಹನ್ನೊಂದು ದಿನ ಮುಂಚೆ ಬಂದಿತ್ತು. ಥೆರಪಿಸ್ಟ್ ಬರೆದಿಟ್ಟುಕೊಂಡದ್ದು ಜನವರಿ ಕೊನೆಯ ತಾರೀಕು. ಮಗಳ ಮೈಗೆ ಗೊತ್ತಿದ್ದದ್ದು ಪಂಚಾಂಗದ ದಿನ, ತಿಂಗಳಿಂದ ಅಮ್ಮ ಅದನ್ನೇ ಹೇಳುತ್ತಿದ್ದರು.

ಮುಂದಿನ ಮಂಗಳವಾರ ಥೆರಪಿಸ್ಟ್ ಒಂದು ಮಾತು ಹೇಳಿದರು. "ಅಪ್ಪನಿಗೆ ಹೇಳಬೇಕಾದದ್ದನ್ನು ನಿಮ್ಮ ಭಾಷೆಯಲ್ಲೇ ಹೇಳಿ. ನನಗೆ ಅರ್ಥವಾಗಬೇಕಿಲ್ಲ. ಆಮೇಲೆ ನಿಮಗೆ ಬೇಕಾದಷ್ಟನ್ನು ಮಾತ್ರ ಇಂಗ್ಲಿಷ್‌ನಲ್ಲಿ ನನಗೆ ಹೇಳಿ."

ಆಕೆಗೆ ನಗು ಬಂತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ "ಅಪ್ಪಾ, ಫೋನ್ ಎತ್ತಲಿಲ್ಲ ನಾನು" ಅಂದರು.

ವಿಷಯ ಹೀಗಿತ್ತು. ತೀರಿಕೊಳ್ಳುವ ಹಿಂದಿನ ದಿನ ಅಪ್ಪ ಎರಡು ಸಲ ಕರೆ ಮಾಡಿದ್ದರು. ಆಕೆ ಮಗನ ಈಜು ಕ್ಲಾಸಿನಲ್ಲಿದ್ದರು. ನಾಲೆ, ಕೆರೆಗಳ ಆ ದೇಶದಲ್ಲಿ ಮಕ್ಕಳಿಗೆಲ್ಲ ಈಜಿನ ಡಿಪ್ಲೊಮಾ ಮಾಡಿಸುತ್ತಾರೆ. ಬಟ್ಟೆಯ ಜೊತೆ ಫೋನ್ ಲಾಕರ್‌ನಲ್ಲಿತ್ತು. ನೋಡುವಾಗ ಊರಲ್ಲಿ ರಾತ್ರಿ ಹನ್ನೊಂದು, ಮಲಗಿರುತ್ತಾರೆ ನಾಳೆ ಮಾಡೋಣ ಅಂದುಕೊಂಡರು. ಇದನ್ನು ಗಂಡನಿಗೂ ಹೇಳಿರಲಿಲ್ಲ. ಒಂದು ವರ್ಷ ಒಳಗೇ ಇಟ್ಟುಕೊಂಡಿದ್ದರು.

ಅಳು ಸುಮಾರು ಹೊತ್ತು ನಿಲ್ಲಲಿಲ್ಲ. ಥೆರಪಿಸ್ಟ್‌ಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಕೂತು ನೋಡಿದರು ಅಷ್ಟೇ.

ಇದಕ್ಕೆ ಸಂಶೋಧನೆಯ ಬೆಂಬಲ ಇದೆ. ಬಾಸ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟರ್ಕಿಶ್ ಮನೆಮಾತಿನವರು, ಇಂಗ್ಲಿಷ್ ಆಮೇಲೆ ಕಲಿತವರು. ಎರಡೂ ಭಾಷೆಯ ಪದಗಳನ್ನು ಕೇಳಿಸಿ, ತೋರಿಸಿ ಬೆರಳಿನ ಚರ್ಮದ ವಿದ್ಯುತ್ ಬದಲಾವಣೆ ಅಳೆದರು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಬೈಯುವ ಮಾತುಗಳಿಗೆ ಟರ್ಕಿಶ್‌ನಲ್ಲಿ ಮೈ ಜೋರಾಗಿ ಸ್ಪಂದಿಸಿತು, ಇಂಗ್ಲಿಷ್‌ನಲ್ಲಿ ಅಷ್ಟಾಗಿ ಇಲ್ಲ. ಬ್ರಿಟನ್‌ನ ಜಾಂ-ಮಾರ್ಕ್ ಡೆವಾಲ ಮತ್ತು ಬೆವರ್ಲಿ ಕೋಸ್ಟಾ 2013ರಲ್ಲಿ ಥೆರಪಿ ಪಡೆದ 182 ಬಹುಭಾಷಿಕರ ಅನುಭವ ಪ್ರಕಟಿಸಿದರು. ಅಲ್ಲೂ ಭಾವನೆ ಉಕ್ಕಿದಾಗ ಭಾಷೆ ಬದಲಾಯಿಸುವುದು ಮುಖ್ಯ ಸಂಗತಿಯಾಗಿ ಕಂಡಿತು.

ಇಲ್ಲಿಗೇ ನಿಲ್ಲಿಸಿದರೆ "ನೋಡಿ, ತಾಯ್ನುಡಿಯೇ ಮೇಲು" ಅಂತ ಚಪ್ಪಾಳೆ ತಟ್ಟಬಹುದು. ಈ ಪ್ರಕರಣ ಅಷ್ಟು ಸರಳ ಅಲ್ಲ. ಮುಂದಿನ ವಾರಗಳಲ್ಲಿ ಇನ್ನೊಂದು ಸಂಗತಿ ಹೊರಬಂತು, ಅದು ಬಂದದ್ದು ಇಂಗ್ಲಿಷ್‌ನಲ್ಲಿ. ಅಪ್ಪನ ಮೇಲೆ ಸಿಟ್ಟು. ಕೆಲಸ ಬಿಡಿಸಿದ್ದು ಅವರು, ಇಲ್ಲಿಗೆ ಕಳಿಸಿದ್ದು ಅವರು, ಕಳಿಸಿ ಹೋಗಿಯೇ ಬಿಟ್ಟರು. ಸತ್ತ ಅಪ್ಪನ ಮೇಲೆ ಇಷ್ಟು ಮಾತನ್ನು ಕನ್ನಡದಲ್ಲಿ ಆಡಲು ಆಕೆಗೆ ಬಾಯಿ ಬರಲಿಲ್ಲ. ಒಂದು ಸಲ ಪ್ರಯತ್ನ ಮಾಡಿ, ಅರ್ಧಕ್ಕೆ ಕೆನ್ನೆ ಬಡಿದುಕೊಂಡು "ತಪ್ಪಾಯ್ತು" ಅಂದುಬಿಟ್ಟರು. ಇಂಗ್ಲಿಷ್‌ನಲ್ಲಿ ಪೂರ್ತಿ ಹೇಳಿದರು, ಗಟ್ಟಿ ದನಿಯಲ್ಲಿ. ಅಳುವುದಕ್ಕೆ ಒಂದು ಭಾಷೆ, ಸಿಟ್ಟಿಗೆ ಇನ್ನೊಂದು.

ಹಾಗಾಗಿ ನನ್ನ ಮಟ್ಟಿಗೆ ಇಂಗ್ಲಿಷ್ ಥೆರಪಿ ನಮಗೆ ಸರಿಹೋಗುತ್ತದಾ ಅನ್ನುವ ಪ್ರಶ್ನೆಯೇ ಅಷ್ಟು ಉಪಯೋಗದ್ದಲ್ಲ. ಯಾವ ಮಾತು ಯಾವ ಭಾಷೆಯಲ್ಲಿ ಬರುತ್ತದೆ ಅಂತ ಥೆರಪಿಸ್ಟ್ ಮೊದಲ ವಾರವೇ ಕೇಳಬೇಕು. ಕೇಳದಿದ್ದರೆ ನಾವೇ ಹೇಳಬೇಕು. ಈ ಥೆರಪಿಸ್ಟ್‌ಗೆ ಅದು ಹೊಳೆದದ್ದು ತಾವೂ ಮನೆಯಲ್ಲಿ ಗ್ರೀಕ್ ಮಾತಾಡುವವರಾದ್ದರಿಂದಲೂ ಇರಬಹುದು.

ಅತ್ತೆ ಬಂದರು

ಏಪ್ರಿಲ್‌ನಲ್ಲಿ ಅತ್ತೆ 90 ದಿನದ ವೀಸಾದಲ್ಲಿ ಬಂದರು. ಡಚ್ ಸಾಲುಮನೆ, ಕಡಿದಾದ ಮರದ ಮೆಟ್ಟಿಲು, ತೆಳು ಗೋಡೆ. ಮೇಲಿನ ಕೋಣೆಯ ಮಾತು ಕೆಳಗೆ ಅಡುಗೆಮನೆಗೆ ಕೇಳುತ್ತದೆ. ಅತ್ತೆಗೆ ಇಂಗ್ಲಿಷ್ ಬಾರದು, ಹಾಗಾಗಿ ಇಂಗ್ಲಿಷ್ ಥೆರಪಿಯೇ ಒಂದು ಬಾಗಿಲಿದ್ದ ಹಾಗಾಯಿತು ಅಂದುಕೊಂಡರೆ, 'ಮದರ್ ಇನ್ ಲಾ' ಅನ್ನುವುದು ಶಿವಮೊಗ್ಗ ಜಿಲ್ಲೆಯಲ್ಲಿ ಯಾರಿಗೆ ತಿಳಿಯುವುದಿಲ್ಲ? ಆಕೆಯೂ ಥೆರಪಿಸ್ಟೂ ಸೇರಿ ಅತ್ತೆಗೆ 'ಮ್ಯಾನೇಜರ್' ಅಂತ ಹೆಸರಿಟ್ಟರು. "ಮ್ಯಾನೇಜರ್ ಇವತ್ತು ಫ್ರಿಜ್ಜು ಪೂರ್ತಿ ತೊಳೆದರು." ಕೆಲವು ಮಂಗಳವಾರ ಆಕೆ ಕಾರಿನಲ್ಲಿ ಕೂತು ಮಾತಾಡಿದರು. ಅತ್ತೆಗೆ ಡಚ್ ಕ್ಲಾಸ್ ಅಂತ ಹೇಳಿದ್ದರು. ಆ ಸುಳ್ಳು ಆಮೇಲೆ ನಿಜವೂ ಆಯಿತು, ಮೇ ತಿಂಗಳಲ್ಲಿ ಡಚ್ ಕ್ಲಾಸಿಗೆ ಸೇರಿದರು.

ಥೆರಪಿಸ್ಟ್ ಗಂಡನನ್ನು ಒಂದು ಸಲ ಕರೆಯೋಣ ಅಂದರು. ಆಕೆ ಬೇಡ ಅಂದರು, ಅಲ್ಲಿಗೆ ಆ ವಿಷಯ ಬಿಟ್ಟರು. ಇದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಗಂಡ ಕೆಟ್ಟವರಲ್ಲ. ಬಿಲ್ ಕಟ್ಟುತ್ತಿದ್ದರು, ಹೇಗಾಯಿತು ಅಂತ ಕೇಳುತ್ತಿದ್ದರು, "ಜಾಸ್ತಿ ಯೋಚನೆ ಮಾಡಬೇಡ" ಅನ್ನುತ್ತಿದ್ದರು. ಫೋನ್ ಎತ್ತದ ಕಥೆ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಕೆಲಸಕ್ಕೆ ಹೋಗುವ ಮಾತು ಬಂದಾಗ ಮಗನನ್ನು ಸ್ಕೂಲಿಂದ ಯಾರು ತರಬೇಕು ಅನ್ನುವ ಪ್ರಶ್ನೆಯೂ ಅಲ್ಲೇ ನಿಂತಿದೆ. ಒಬ್ಬರ ಥೆರಪಿ ಅದನ್ನು ಬಗೆಹರಿಸುವುದಿಲ್ಲ.

ಸಾಗರದಲ್ಲಿ ಅಮ್ಮನಿಗೂ ನಿದ್ದೆ ಇರಲಿಲ್ಲ. ತಮ್ಮನಿಗೆ ಟೆಲಿ ಮಾನಸ್ ನಂಬರ್ 14416 ಕೊಟ್ಟರು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ, ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. "ನನಗೇನಾಗಿದೆ, ಹುಚ್ಚಾ?" ಅಂದರು ಅಮ್ಮ. ಫೋನ್ ಮಾಡಲಿಲ್ಲ.

ಬೇಸಿಗೆಗೆ ಸ್ಕೂಲಿಗೆ ಆರು ವಾರ ರಜೆ, ಊರಿಗೆ ಹೊರಟರು. ಅಲ್ಲಿಂದಲೇ ವಿಡಿಯೊ ಮಾಡಬಹುದಲ್ಲ ಅಂತ ಕೇಳಿದರೆ ಥೆರಪಿಸ್ಟ್ ಆಗುವುದಿಲ್ಲ ಅಂದರು. ಅವರ ವೃತ್ತಿ ವಿಮೆ ಯುರೋಪಿನ ಆಚೆ ಕೂತ ಕ್ಲೈಂಟಿಗೆ ಅನ್ವಯಿಸುತ್ತಿರಲಿಲ್ಲ. ಎಲ್ಲಿಂದ ಬೇಕಾದರೂ ಆನ್‌ಲೈನ್ ಅಂತ ಜಾಹೀರಾತು ಹೇಳುತ್ತದೆ. ನೋಂದಣಿ ಮತ್ತು ವಿಮೆ ಮಾತ್ರ ಕ್ಲೈಂಟ್ ಎಲ್ಲಿ ಕೂತಿದ್ದಾರೆ ಅಂತ ನೋಡುತ್ತವೆ. ಆರು ವಾರಕ್ಕೆ ಒಂದು ಪುಟದ ಯೋಜನೆ ಬರೆದರು: ಬೆಳಿಗ್ಗೆ ನಡಿಗೆ, ಪ್ಯಾನಿಕ್ ಬಂದರೆ ಏನು ಮಾಡಬೇಕು, ಊರಲ್ಲಿ ಯಾವ ಡಾಕ್ಟರ್, ಅಪ್ಪನ ಕೋಣೆಗೆ ಯಾರ ಜೊತೆ ಹೋಗಬೇಕು. ಕೋಣೆಗೆ ತಮ್ಮನ ಜೊತೆ ಹೋದರು. ಫೋನಿನ ವಿಷಯ ಅವನಿಗೆ ಹೇಳಿದರು. ಅವನು ಅಂದ, "ನನಗೂ ಮಾಡಿದ್ದರು ಅಕ್ಕಾ. ಗ್ಯಾಸ್ ಬುಕ್ ಮಾಡೋದು ಹೇಗೆ ಅಂತ ಕೇಳೋಕೆ."

ಸೆಪ್ಟೆಂಬರ್ ಹೊತ್ತಿಗೆ ಪಿಎಚ್‌ಕ್ಯೂ-9 ಅಂಕ 5ರಿಂದ 9ರ ಪಟ್ಟಿಗೆ ಇಳಿದಿತ್ತು. ಮಾರ್ಚ್ ನಂತರ ಪ್ಯಾನಿಕ್ ಬಂದಿರಲಿಲ್ಲ. ಸೈಕಲ್ ಮತ್ತೆ ಓಡುತ್ತಿತ್ತು. ಕೆಲಸ ಇನ್ನೂ ಸಿಕ್ಕಿರಲಿಲ್ಲ, ಎರಡು ಅರ್ಜಿ ಹಾಕಿದ್ದರು. ಭೇಟಿ ಎರಡು ತಿಂಗಳಿಗೊಮ್ಮೆ ಸಾಕು ಅಂತಾಯಿತು. ಮುಂದಿನ ತಿಥಿ 2026ರ ಜನವರಿ ಮೊದಲ ವಾರವೇ ಬರುತ್ತದೆ ಅಂತ ಆಕೆಯೇ ಪಂಚಾಂಗ ನೋಡಿ ಹೇಳಿದರು. ಈ ಸಲ 385 ಯೂರೊ ಲೆಕ್ಕ ನೋಡದೆ, ಡಿಸೆಂಬರ್ ಮೂರನೇ ಮಂಗಳವಾರಕ್ಕೆ ಒಂದು ಭೇಟಿ ಬರೆಸಿದರು. ಹೌಸಾರ್ಟ್ಸ್‌ಗೆ ಥೆರಪಿಸ್ಟ್ ಡಚ್‌ನಲ್ಲಿ ವರದಿ ಕಳಿಸಿದರು. ಆಕೆ ಅದನ್ನು ಓದಿ, ಎರಡು ಕಡೆ ತಿದ್ದುಪಡಿ ಹೇಳಿದರು.